ಹೆಗ್ಡೆ ಅಡ್ಡಹೆಸರು ಎಲ್ಲಿಂದ ಬಂತು? ಅಣ್ಣನ ಡಿಎನ್‌ಎ ವರದಿಯಲ್ಲಿ ಒಬ್ಬ ಹೆಗ್ಡೆಯೂ ಇಲ್ಲ

ಕಾರ್ಕಳದ ಮೊಮ್ಮಗಳು:

ಎಲ್ಲರಿಗೂ ನಮಸ್ಕಾರ. ನಮ್ಮ ಅಡ್ಡಹೆಸರು ಹೆಗ್ಡೆ. ನಾವು ಬಂಟರು. ಅಪ್ಪನ ಊರು ಕಾರ್ಕಳದ ಹತ್ತಿರ, ಅಮ್ಮನ ತವರು ಬಂಟ್ವಾಳದ ಕಡೆ. ಅಪ್ಪ ಮೀಸೆ ಮೂಡುವ ಮೊದಲೇ ಮುಂಬೈಗೆ ಹೋದವರು. ಯಾರದೋ ಹೋಟೆಲಿನ ಗಲ್ಲಾದಲ್ಲಿ ಕೂತು, ಆಮೇಲೆ ಸ್ವಂತ ಹೋಟೆಲು ಮಾಡಿದರು. ನಾನೂ ಅಣ್ಣನೂ ಬೆಳೆದದ್ದು ಅಲ್ಲೇ. ಮನೆಯಲ್ಲಿ ತುಳು. ಪ್ರೈಮರಿ ಓದಿದ್ದು ಮುಂಬೈಯ ಕನ್ನಡ ಶಾಲೆಯಲ್ಲಿ. ಈಗ ನಾನು ಬೆಂಗಳೂರಿನಲ್ಲಿದ್ದೇನೆ, ಅಣ್ಣ ಅಮೆರಿಕದಲ್ಲಿ. ಅಪ್ಪ ಈಗಿಲ್ಲ.

ಅಪ್ಪ ಹೋದ ಮೇಲೆ ಅಣ್ಣನಿಗೆ ನಮ್ಮ ಮೂಲ ಹುಡುಕುವ ಹುಚ್ಚು ಹತ್ತಿತು. ಒಂದು ಕಿಟ್ ತರಿಸಿ, ಎಂಜಲು ತುಂಬಿ ಕಳಿಸಿದ. ವರದಿ ಬಂತು. ತಂದೆಯ ಕಡೆಯ ಗುಂಪು ಎಲ್-ಎಂ20 ಅಂತೆ. ತಾಯಿಯ ಕಡೆಯದು ಎಂ ಅಂತೆ. ಜೊತೆಗೆ ರಕ್ತಸಂಬಂಧ ಇರಬಹುದಾದವರ ಒಂದು ಪಟ್ಟಿ. ಅದರಲ್ಲಿ ಶೆಟ್ಟಿ ಇದ್ದಾರೆ, ರೈ ಇದ್ದಾರೆ, ಆಳ್ವ ಇದ್ದಾರೆ, ಭಂಡಾರಿ ಇದ್ದಾರೆ. ಹೆಗ್ಡೆ ಮಾತ್ರ ಒಬ್ಬರೂ ಇಲ್ಲ.

ಇಷ್ಟೇ ಆಗಿದ್ದರೆ ಅಣ್ಣ ಸುಮ್ಮನಿರುತ್ತಿದ್ದ. ಅಪ್ಪನ ಕಪಾಟು ತೆಗೆದಾಗ ಒಂದು ಹಳೇ ಕಾಗದ ಸಿಕ್ಕಿತ್ತು. ಅದರಲ್ಲಿ ಅಪ್ಪನ ಹೆಸರಿನ ಜೊತೆ ಹೆಗ್ಡೆ ಅಂತಿದೆ. ಅಪ್ಪನ ಅಪ್ಪನ ಹೆಸರಿನ ಜೊತೆ ಶೆಟ್ಟಿ ಅಂತಿದೆ. ಅಜ್ಜ ತೀರಿಕೊಂಡದ್ದು ಅಪ್ಪ ಚಿಕ್ಕವರಿದ್ದಾಗ. ನಾವು ಅವರನ್ನು ನೋಡಿಲ್ಲ. ನಮ್ಮ ಮನೆಯಲ್ಲಿ ಯಾವಾಗಲೂ 'ಅಜ್ಜೆರ್' ಅಂತಷ್ಟೇ ಹೇಳುತ್ತಿದ್ದರು, ಅಡ್ಡಹೆಸರು ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಅಣ್ಣನ ತಲೆಯಲ್ಲಿ ಈಗ ಬೇರೆಯೇ ಓಡುತ್ತಿದೆ. ಅಪ್ಪನನ್ನು ಯಾರಾದರೂ ದತ್ತು ತಗೊಂಡಿದ್ರಾ? ಏನಾದರೂ ಮುಚ್ಚಿಟ್ಟಿದ್ದಾರಾ? ರಾತ್ರಿ ಹನ್ನೆರಡಕ್ಕೆ ಫೋನ್ ಮಾಡಿ ಇದನ್ನೇ ಕೇಳುತ್ತಾನೆ. ಅಮ್ಮನನ್ನು ಕೇಳಿದರೆ 'ನಮ್ಮಲ್ಲಿ ಮೊದಲು ಹಾಗೇ ಇದ್ದದ್ದು' ಅಂತ ಒಂದೇ ಮಾತು.

ಇನ್ನೊಂದು ವಿಷಯ. ಆಫೀಸಿನಲ್ಲಿ ನನ್ನ ಪಕ್ಕ ಕೂರುವವರು ಶಿರಸಿಯವರು. ಹವ್ಯಕರು. ಅವರದೂ ಹೆಗಡೆ. ಧರ್ಮಸ್ಥಳದಲ್ಲಿ ಹೆಗ್ಗಡೆಯವರು ಇದ್ದಾರೆ, ಅವರು ಜೈನರು. ಕೊಡಗಿನಲ್ಲೂ ಹೆಗ್ಗಡೆ ಅಂತ ಒಂದು ಜನಾಂಗವೇ ಇದೆ ಅಂತ ಕೇಳಿದ್ದೇನೆ. ಇವರೆಲ್ಲ ಒಂದು ಕಾಲಕ್ಕೆ ಒಂದೇ ಬೇರಿನವರಾ? ಹೆಗ್ಡೆ ಅಂದರೆ ನಿಜಕ್ಕೂ ಏನು? ಡಿಎನ್‌ಎ ಪರೀಕ್ಷೆಯಿಂದ ಇದು ಗೊತ್ತಾಗುತ್ತದಾ? ತಿಳಿದವರು ದಯವಿಟ್ಟು ಬಿಡಿಸಿ ಹೇಳಿ. ಅಪ್ಪನ ವಿಷಯ ಆದ್ದರಿಂದ ಇದು ನಮಗೆ ಸಣ್ಣ ಸಂಗತಿ ಅಲ್ಲ.

ಅಡಿಕೆ ತೋಟ:

ನಾನು ಸಿದ್ದಾಪುರ ಸೀಮೆಯ ಹೆಗಡೆ. ನಿಮ್ಮ ಪಕ್ಕದ ಸೀಟಿನವರ ಕಡೆಯಿಂದ ಮಾತಾಡುತ್ತೇನೆ.

ನಮ್ಮಲ್ಲಿ ಹೆಗಡೆ ಅನ್ನುವುದು ಕುಲದ ಹೆಸರಲ್ಲ. ಕುಲ ಕೇಳಿದರೆ ಗೋತ್ರ ಹೇಳುತ್ತೇವೆ. ಒಂದೇ ಗೋತ್ರದ, ಒಂದೇ ಮೂಲದ ಮನೆಗಳಲ್ಲಿ ಒಬ್ಬರು ಭಟ್ಟರು, ಇನ್ನೊಬ್ಬರು ಹೆಗಡೆ. ಪೌರೋಹಿತ್ಯ ಹಿಡಿದ ಕವಲು ಭಟ್ಟ ಆಯಿತು. ಊರ ಯಜಮಾನಿಕೆ, ಜಮೀನು ನೋಡಿಕೊಂಡ ಕವಲು ಹೆಗಡೆ ಆಯಿತು. ನಮ್ಮ ಮನೆಯಲ್ಲೇ ಮುತ್ತಜ್ಜನ ಅಣ್ಣ ಭಟ್ಟ. ಅವರ ಮಕ್ಕಳ ಪೈಕಿಯವರು ಇವತ್ತಿಗೂ ಭಟ್ಟರೇ. ನಮಗೂ ಅವರಿಗೂ ಸೂತಕ ಇದೆ, ಶಿರಸಿ ಪೇಟೆಯಲ್ಲಿ ಎದುರಾಗುವ ಹತ್ತು ಹೆಗಡೆಗಳಲ್ಲಿ ಒಂಬತ್ತು ಜನರ ಜೊತೆ ಇಲ್ಲ.

ಹಾಗಾಗಿ ನಮ್ಮಲ್ಲಿ ಗುರುತು ಹಿಡಿಯುವುದು ಮನೆ ಅಥವಾ ಊರಿನ ಹೆಸರಿನಿಂದ. ಯಕ್ಷಗಾನದ ಕೆರೆಮನೆ ಶಿವರಾಮ ಹೆಗಡೆಯವರ ಹೆಸರಿನಲ್ಲಿ ಕೆರೆಮನೆ ಅನ್ನುವುದೇ ಗಟ್ಟಿ ಗುರುತು. ಮುಖ್ಯಮಂತ್ರಿಯಾಗಿದ್ದ ರಾಮಕೃಷ್ಣ ಹೆಗಡೆಯವರು ನಮ್ಮ ತಾಲೂಕಿನ ದೊಡ್ಮನೆಯವರು. ನಮ್ಮ ಕಡೆ ಹಿರಿಯರು ಈಗಲೂ 'ದೊಡ್ಮನೆ ಹೆಗಡೇರು' ಅಂತಲೇ ಹೇಳುವುದು.

ಬರವಣಿಗೆ ಗಮನಿಸಿ. ಉತ್ತರ ಕನ್ನಡದವರು ಸಾಮಾನ್ಯವಾಗಿ 'ಹೆಗಡೆ' ಅಂತ ಬರೆಯುತ್ತಾರೆ, ನಿಮ್ಮ ಕಡೆಯವರು 'ಹೆಗ್ಡೆ', ಧರ್ಮಸ್ಥಳದವರು 'ಹೆಗ್ಗಡೆ'. ಇಂಗ್ಲಿಷಿನಲ್ಲಿ ಬರೆದಾಗ ನಾವಿಬ್ಬರೂ ಒಂದೇ ಆಗಿಬಿಡುತ್ತೇವೆ. ಆಫೀಸಿನವರು ನೆಂಟರಾ ಅಂತ ಕೇಳುವುದು ಅದಕ್ಕೇ.

ಕಲ್ಲಿನ ಓದು:

ಮೇಲಿನವರು ಸರಿಯಾಗಿ ಹೇಳಿದ್ದಾರೆ. ನಾನು ಶಾಸನದ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. ಕನ್ನಡ ಮೇಷ್ಟ್ರಾಗಿ ನಿವೃತ್ತನಾದವನು. ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟಗಳನ್ನು ಮುಂದಿಟ್ಟುಕೊಂಡು ಕೂರುವುದೇ ಈಗ ನನ್ನ ಕೆಲಸ.

ಹಳಗನ್ನಡದಲ್ಲಿ ಇದು 'ಪೆರ್ಗಡೆ'. 'ಪೆರ್' ಅಂದರೆ ಹಿರಿದು. ಹೆದ್ದಾರಿ, ಹೆಬ್ಬಾಗಿಲು, ಹೆಮ್ಮರ, ಹೆಜ್ಜೇನು ಎಲ್ಲದರಲ್ಲೂ ಇರುವ 'ಹೆ' ಅದೇ. ಹೆಬ್ಬಾರ ಅನ್ನುವ ಅಡ್ಡಹೆಸರಿನಲ್ಲಿರುವುದೂ ಅದೇ. ಹಾಲು ಮೊದಲು ಪಾಲು ಆಗಿತ್ತು, ಹುಲಿ ಪುಲಿ ಆಗಿತ್ತು. ಪೆರ್ಗಡೆ ಹೆಗ್ಗಡೆ ಆದದ್ದೂ ಅದೇ ದಾರಿಯಲ್ಲಿ. ತುಳುವಿನಲ್ಲಿ ಹಳೇ ಪಕಾರ ಉಳಿದುಕೊಂಡಿತು. ಧರ್ಮಸ್ಥಳದ ಐತಿಹ್ಯದಲ್ಲಿ ನೆಲ್ಯಾಡಿ ಬೀಡಿನ ಬಿರ್ಮಣ್ಣ ಪೆರ್ಗಡೆ, ಅಮ್ಮು ಬಲ್ಲಾಳ್ತಿ ಅಂತ ಬರುತ್ತದಲ್ಲ, ಅಲ್ಲಿ ಪೆರ್ಗಡೆ ಹಾಗೇ ನಿಂತಿದೆ.

ಆದರೆ ಮುಖ್ಯವಾದದ್ದು ಇದು. ಶಾಸನಗಳಲ್ಲಿ ಪೆರ್ಗಡೆ ಅಂದರೆ ಒಂದು ಹುದ್ದೆ. ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳನ್ನು ತೆಗೆದರೆ ಮನೆವೆರ್ಗಡೆ ಸಿಗುತ್ತಾನೆ. ಅರಮನೆಯ ಆಡಳಿತ ನೋಡಿಕೊಳ್ಳುವವನು. ಸುಂಕವೆರ್ಗಡೆ ಸಿಗುತ್ತಾನೆ. ಪೆರ್ಜುಂಕ, ವಡ್ಡರಾವುಳದಂಥ ತೆರಿಗೆಗಳ ಲೆಕ್ಕ ಇವನ ಕೈಯಲ್ಲಿ. ದೇವಸ್ಥಾನಕ್ಕೆ ಯಾರಾದರೂ ಸುಂಕದ ಪಾಲು ಬಿಟ್ಟರೆ ಇಂಥವನ ಹೆಸರು ಬರಲೇಬೇಕು. ಹೊಯ್ಸಳರ ಕಾಲಕ್ಕೆ ಬಂದರೆ ಹೆಗ್ಗಡೆಗಳು ಎಲ್ಲೆಲ್ಲೂ ಕಾಣುತ್ತಾರೆ. ಬಸದಿಗೆ ದತ್ತಿ ಬಿಟ್ಟ ಹೆಗ್ಗಡೆಗಳಿದ್ದಾರೆ, ಶಿವಾಲಯಕ್ಕೆ ಬಿಟ್ಟವರಿದ್ದಾರೆ. ಹೆಂಡತಿಗೆ ಹೆಗ್ಗಡತಿ ಅಂತ ಗೌರವದ ಹೆಸರು. ಜಾತಿ ಯಾವುದೇ ಇರಲಿ, ಕೆಲಸ ಹಿಡಿದವನು ಹೆಗ್ಗಡೆ.

ನಮ್ಮ ನಾಡಿನ ಎಷ್ಟೋ ಅಡ್ಡಹೆಸರುಗಳ ಕತೆ ಇದೇ. ಪಾಟೀಲ ಅಂದರೆ ಲಿಂಗಾಯತರೂ ಇರಬಹುದು, ಮರಾಠರೂ ಜೈನರೂ ಇರಬಹುದು. ಶಾನುಭೋಗ, ಕುಲಕರ್ಣಿ, ದೇಸಾಯಿ, ನಾಡಿಗ, ಭಂಡಾರಿ ಎಲ್ಲವೂ ಒಂದು ಕಾಲದ ಕೆಲಸಗಳು. ಎಲ್ಲ ಭಂಡಾರಿಗಳಿಗೂ ಒಬ್ಬನೇ ಮೂಲಪುರುಷ ಇದ್ದ ಅಂತ ಯಾರೂ ಹೇಳುವುದಿಲ್ಲ ಅಲ್ವಾ?

ಹುದ್ದೆಯೇ ಹೆಸರಾಗುವುದನ್ನು ಈಗಲೂ ಕಣ್ಣಾರೆ ನೋಡಬಹುದು. ಧರ್ಮಸ್ಥಳದ ಈಗಿನ ಧರ್ಮಾಧಿಕಾರಿಗಳು ಹುಟ್ಟಿದಾಗ ವೀರೇಂದ್ರ ಕುಮಾರ್. 1968ರ ಅಕ್ಟೋಬರಿನಲ್ಲಿ ಪಟ್ಟಕ್ಕೆ ಕೂತ ಮೇಲೆ ವೀರೇಂದ್ರ ಹೆಗ್ಗಡೆ ಆದರು. ಅವರ ತಮ್ಮಂದಿರು ಸುರೇಂದ್ರ ಕುಮಾರ್, ಹರ್ಷೇಂದ್ರ ಕುಮಾರ್ ಆಗಿಯೇ ಇದ್ದಾರೆ. ಒಂದೇ ತಂದೆ ತಾಯಿಯ ಮಕ್ಕಳು. ಹೆಗ್ಗಡೆ ಅನ್ನುವುದು ಪೀಠದ ಜೊತೆ ಬಂತು.

ಜೀನ್ ಮೇಡಂ:

ಕಾರ್ಕಳದ ಮೊಮ್ಮಗಳೇ, ಮೊದಲು ನಿಮ್ಮ ಅಣ್ಣನಿಗೆ ಈ ಮಾತು ತಲುಪಿಸಿ. ಅಜ್ಜ ಶೆಟ್ಟಿ, ಅಪ್ಪ ಹೆಗ್ಡೆ ಆಗಿರುವುದರಲ್ಲಿ ಮುಚ್ಚಿಟ್ಟ ಕತೆ ಇರಬೇಕಾಗಿಲ್ಲ. ಅಮ್ಮ ಹೇಳಿದ್ದೇ ಸರಿ. ಮೊದಲು ಹಾಗೇ ಇತ್ತು.

ನಾನು ಕಾಲೇಜಿನಲ್ಲಿ ತಳಿಶಾಸ್ತ್ರ ಪಾಠ ಮಾಡುವವಳು. ಉಡುಪಿ ಕಡೆಯವಳು, ನಮ್ಮದೂ ಅಳಿಯಕಟ್ಟಿನ ಕುಟುಂಬವೇ. ಈ ಪ್ರಶ್ನೆ ನನ್ನ ತರಗತಿಯಲ್ಲಿ ವರ್ಷಾ ವರ್ಷಾ ಬರುತ್ತದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಅಳಿಯಕಟ್ಟು ಅಥವಾ ಅಳಿಯಸಂತಾನ ಅಂದರೆ ಆಸ್ತಿ ಮಗನಿಗಲ್ಲ, ಅಕ್ಕತಂಗಿಯರ ಮಕ್ಕಳಿಗೆ. ಹುಟ್ಟಿದ ಮಗು ಅಮ್ಮನ ಕುಟುಂಬಕ್ಕೆ ಸೇರಿದ್ದು. ನಮ್ಮಲ್ಲಿ ಗೋತ್ರದ ಹಾಗೆ 'ಬರಿ' ಅಂತ ಇದೆಯಲ್ಲ, ಅದೂ ಅಮ್ಮನದೇ. ಮನೆಯ ಯಜಮಾನಿಕೆ ತಮ್ಮಲೆಯಿಂದ, ಅಂದರೆ ಸೋದರಮಾವನಿಂದ ಅಳಿಯನಿಗೆ. ಎಷ್ಟೋ ಮನೆಗಳಲ್ಲಿ ಅಡ್ಡಹೆಸರೂ ಅದೇ ದಾರಿ ಹಿಡಿಯುತ್ತಿತ್ತು. ಎಲ್ಲ ಮನೆಗಳಲ್ಲೂ ಒಂದೇ ಥರ ಇತ್ತು ಅಂತಲ್ಲ. ಆದರೆ ನಿಮ್ಮಪ್ಪನ ಕಾಗದ ನೋಡಿದರೆ ನಿಮ್ಮಲ್ಲಿ ಹೀಗೇ ನಡೆದಿದೆ ಅನ್ನಿಸುತ್ತದೆ. ನಿಮ್ಮಜ್ಜಿ ಹೆಗ್ಡೆ ಮನೆಯ ಮಗಳು. ಶೆಟ್ಟಿ ಮನೆಯವರನ್ನು ಮದುವೆಯಾದರು. ಮಗ ಹುಟ್ಟಿದ. ಮಗನಿಗೆ ಸೋದರಮಾವನ ಹೆಗ್ಡೆ ಬಂತು. ಆ ಮಗನೇ ನಿಮ್ಮಪ್ಪ. ಆಮೇಲೆ ಕಾಲ ಬದಲಾಯಿತು. ಮುಂಬೈಯಲ್ಲಿ ಶಾಲೆಗೆ ಸೇರಿಸುವಾಗ ಎಲ್ಲರ ಹಾಗೆ ಅಪ್ಪನ ಅಡ್ಡಹೆಸರು ನಿಮ್ಮಿಬ್ಬರಿಗೂ ಹಾಕಿದರು.

ಮನೆಹೆಸರಿನಲ್ಲೂ ಇದರ ಗುರುತು ಸಿಗುತ್ತದೆ. ಲೋಕಸಭೆಯ ಸ್ಪೀಕರ್ ಆಗಿದ್ದ ಕೆ. ಎಸ್. ಹೆಗ್ಡೆಯವರ 'ಕೆ' ಅಂದರೆ ಕೌಡೂರು. ಅವರ ಮಗ, ಲೋಕಾಯುಕ್ತರಾಗಿದ್ದ ಎನ್. ಸಂತೋಷ್ ಹೆಗ್ಡೆಯವರ 'ಎನ್' ಅಂದರೆ ನಿಟ್ಟೆ. ಅಪ್ಪ ಮಗನ ಇನಿಷಿಯಲ್ ಬೇರೆ ಬೇರೆ. ನಮ್ಮ ಕಡೆಯವರಿಗೆ ಇದು ವಿಚಿತ್ರ ಅನ್ನಿಸುವುದೇ ಇಲ್ಲ.

ಈಗ ಡಿಎನ್‌ಎಗೆ ಬನ್ನಿ. ವೈ ಕ್ರೋಮೋಸೋಮು ಅಪ್ಪನಿಂದ ಮಗನಿಗೆ ಮಾತ್ರ ಹೋಗುತ್ತದೆ. ವರದಿಯ ತಂದೆ ಕಡೆಯ ಗುಂಪು ಹೇಳುವುದು ಇದನ್ನು ನೋಡಿ, ತಾಯಿ ಕಡೆಯದು ಮೈಟೊಕಾಂಡ್ರಿಯ ಅನ್ನುವ, ಜೀವಕೋಶದೊಳಗಿನ ಪುಟ್ಟ ಭಾಗವನ್ನು ನೋಡಿ. ಮೈಟೊಕಾಂಡ್ರಿಯದ ಡಿಎನ್‌ಎ ಅಮ್ಮನಿಂದ ಮಕ್ಕಳೆಲ್ಲರಿಗೂ ಬರುತ್ತದೆ, ಮುಂದಕ್ಕೆ ಕೊಡುವುದು ಹೆಣ್ಣುಮಕ್ಕಳು ಮಾತ್ರ. ಉಳಿದದ್ದು ಅರ್ಧ ಅಪ್ಪನಿಂದ, ಅರ್ಧ ಅಮ್ಮನಿಂದ ಕಲೆತು ಬರುತ್ತದೆ.

ಅಣ್ಣನ ವೈ ಎಲ್ಲಿಂದ ಬಂತು? ಅಪ್ಪನಿಂದ. ಅಪ್ಪನಿಗೆ? ಶೆಟ್ಟಿ ಅಜ್ಜನಿಂದ. ಆ ಅಜ್ಜನಿಗೆ ಅವರ ಅಪ್ಪನಿಂದ, ಅವರು ರೈಯೋ ಆಳ್ವರೋ ಇರಬಹುದು, ಯಾಕೆಂದರೆ ಅಜ್ಜನ ಶೆಟ್ಟಿಯೂ ಅವರ ಸೋದರಮಾವನಿಂದಲೇ ಬಂದಿರಬಹುದು. ಹೀಗೆ ಹಿಂದಕ್ಕೆ ಹೋದಷ್ಟೂ ವೈ ಒಂದೊಂದು ತಲೆಮಾರಿಗೆ ಒಂದೊಂದು ಮನೆ ದಾಟುತ್ತದೆ. ಹೆಗ್ಡೆ ಮನೆಗೂ ಅಣ್ಣನ ವೈಗೂ ಏನೇನೂ ಸಂಬಂಧ ಇಲ್ಲ.

ಮೈಟೊಕಾಂಡ್ರಿಯ? ಅಣ್ಣನದು ಅಮ್ಮನದು, ಅಂದರೆ ಬಂಟ್ವಾಳದ ಕುಟುಂಬದ್ದು. ಅದೂ ಹೆಗ್ಡೆ ಮನೆಯದಲ್ಲ.

ನೋಡಿ, ವರದಿಯಲ್ಲಿ ತಂದೆ ಕಡೆ, ತಾಯಿ ಕಡೆ ಅಂತ ಎರಡು ಗುಂಪು ಬರೆದಿದ್ದಾರಲ್ಲ, ಅವೆರಡರಲ್ಲೂ ನಿಮ್ಮ ಹೆಗ್ಡೆ ಮನೆ ಇಲ್ಲ. ಹಾಗಂತ ನೀವು ಹೆಗ್ಡೆ ಮನೆಯ ರಕ್ತವೇ ಅಲ್ಲ ಅಂತಲ್ಲ. ಅಜ್ಜಿಯಿಂದ ನಿಮಗೆ ಸುಮಾರು ಕಾಲು ಭಾಗ ಬಂದೇ ಇದೆ. ಅದು ಕಲೆತ ಭಾಗದಲ್ಲಿದೆ, ಎಲ್, ಎಂ ಅನ್ನುವ ಆ ಎರಡು ಗುಂಪುಗಳಲ್ಲಿ ಕಾಣುವುದಿಲ್ಲ ಅಷ್ಟೇ.

ಈ ಕಂಪನಿಗಳು ಅಡ್ಡಹೆಸರನ್ನೂ ವೈಯನ್ನೂ ಜೋಡಿಸಿ ನೋಡುವುದು ಯುರೋಪಿನ ಅಭ್ಯಾಸ. ಅಲ್ಲಿ ಅಡ್ಡಹೆಸರು ಅಪ್ಪನಿಂದ ಮಗನಿಗೆ ಹೋಗುತ್ತದೆ, ವೈಯೂ ಹಾಗೇ. ಆಕ್ಸ್‌ಫರ್ಡಿನ ಬ್ರಯನ್ ಸೈಕ್ಸ್ 2000ದಲ್ಲಿ ತಮ್ಮದೇ ಅಡ್ಡಹೆಸರಿನ ಗಂಡಸರ ವೈ ಪರೀಕ್ಷೆ ಮಾಡಿ ಪ್ರಕಟಿಸಿದರು. ಅರ್ಧಕ್ಕೆ ಸ್ವಲ್ಪ ಕಡಿಮೆ ಜನರಲ್ಲಿ ಒಂದೇ ಬಗೆಯ ವೈ ಸಿಕ್ಕಿತು. ಅಷ್ಟು ನೇರವಾಗಿ ಹೆಸರು ಇಳಿಯುವ ಕಡೆಯೇ ಹೀಗೆ. ನಮ್ಮ ತುಳುನಾಡಿನಲ್ಲಿ ಆ ಅಳತೆಗೋಲು ಹಿಡಿದರೆ ಏನೂ ಸಿಗುವುದಿಲ್ಲ. ಇಲ್ಲಿ ಹೊಂದುವುದು ಬರಿ ಮತ್ತು ಮೈಟೊಕಾಂಡ್ರಿಯ. ಎರಡೂ ಅಮ್ಮನಿಂದ ಇಳಿಯುತ್ತವೆ.

ಎಲ್-ಎಂ20 ಅಂದಿದ್ದೀರಿ. ದಕ್ಷಿಣ ಭಾರತದಲ್ಲಿ ಸಾಕಷ್ಟು ಜಾತಿಗಳಲ್ಲಿ ಸಿಗುವ ಗುಂಪು ಅದು. ತಾಯಿಯ ಕಡೆಯ ಎಂ ಅಂತೂ ಭಾರತದ ಅರ್ಧಕ್ಕಿಂತ ಹೆಚ್ಚು ಜನರಲ್ಲಿದೆ. ಇವು ಸಾವಿರಾರು ವರ್ಷ ಹಳೆಯ ಕವಲುಗಳು. ಹೆಗ್ಗಡೆ ಅನ್ನುವ ಹುದ್ದೆ, ಬಂಟ ಅನ್ನುವ ಹೆಸರು, ಕನ್ನಡ, ತುಳು ಯಾವುದೂ ಆಗ ಇರಲಿಲ್ಲ. ಇದನ್ನು ಹಿಡಿದುಕೊಂಡು ನಮ್ಮವರು ಎಲ್ಲಿಂದ ಬಂದರು ಅಂತ ಕತೆ ಕಟ್ಟುವವರು ವಾಟ್ಸಾಪಿನಲ್ಲಿ ತುಂಬಾ ಜನ ಇದ್ದಾರೆ. ನಂಬಬೇಡಿ. ಭಾರತದ ಬಹುತೇಕ ಎಲ್ಲರೂ ಮಿಶ್ರಣವೇ. 2013ರಲ್ಲಿ ಪ್ರಕಟವಾದ ಸಂಶೋಧನೆಯೊಂದರ ಪ್ರಕಾರ ಆ ದೊಡ್ಡ ಮಿಶ್ರಣ ನಡೆದದ್ದು ಸುಮಾರು 4200 ರಿಂದ 1900 ವರ್ಷಗಳ ಹಿಂದೆ. ಹೈದರಾಬಾದಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಸಿಸಿಎಂಬಿಯ ವಿಜ್ಞಾನಿಗಳೂ ಅದರಲ್ಲಿದ್ದರು. ಆಮೇಲೆ ಒಳಗೊಳಗೇ ಮದುವೆಯಾಗುವ ರೂಢಿ ಗಟ್ಟಿಯಾಯಿತು. ಕರಾವಳಿಯ ನಾಯರ್, ಈಳವ, ಬಂಟ ಸಮುದಾಯಗಳ ಮೇಲೂ ಸಿಸಿಎಂಬಿಯವರು ಕೆಲಸ ಮಾಡಿದ್ದಾರೆ. ಅವೆಲ್ಲ ಇಡೀ ಸಮುದಾಯದ ಮಾತು. ಒಂದು ಅಡ್ಡಹೆಸರಿನ ಮಾತಲ್ಲ.

ಪಟ್ಟಿಯಲ್ಲಿ ಹೆಗ್ಡೆ ಯಾಕಿಲ್ಲ ಅನ್ನುವುದಕ್ಕೆ ಇನ್ನೊಂದು ಸರಳ ಕಾರಣ ಇದೆ. ನಮ್ಮವರಲ್ಲಿ ಈ ಪರೀಕ್ಷೆ ಮಾಡಿಸಿದವರೇ ಕಡಿಮೆ. ಇರುವವರೂ ಹೆಚ್ಚಾಗಿ ಹೊರದೇಶದಲ್ಲಿರುವವರು. ಪಟ್ಟಿಯಲ್ಲಿ 'ಮೂರನೇ ಕಸಿನ್' ಅಂತ ತೋರಿಸಿದರೆ ಅದನ್ನೂ ಹಾಗೇ ನಂಬಬೇಡಿ. ಸೋದರಮಾವನ ಮಗಳನ್ನು, ಅತ್ತೆಯ ಮಗನನ್ನು ಮದುವೆಯಾಗುವುದು ನಮ್ಮಲ್ಲಿ ಮಾಮೂಲಿ. ಒಂದೇ ಜೋಡಿ ಹಿರಿಯರು ವಂಶದಲ್ಲಿ ಎರಡು ಮೂರು ಕಡೆ ಬರುತ್ತಾರೆ. ಆಗ ದೂರದವರೂ ಹತ್ತಿರದವರ ಹಾಗೆ ಕಾಣುತ್ತಾರೆ.

ನಿಮ್ಮ ಹೆಗ್ಡೆ ಮನೆಯ ಎಳೆ ಬೇಕಾ? ಅದು ಅಪ್ಪನ ಮೈಟೊಕಾಂಡ್ರಿಯದಲ್ಲಿತ್ತು. ಅಪ್ಪನಿಗೆ ಅಕ್ಕತಂಗಿಯರು ಇದ್ದಾರಾ?

ಕಾರ್ಕಳದ ಮೊಮ್ಮಗಳು:

ಮೇಡಂ, ನಿಮ್ಮ ಉತ್ತರ ಓದಿ ಅಣ್ಣನಿಗೆ ಪೂರ್ತಿ ಓದಿ ಹೇಳಿದೆ. ಅವನು ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ 'ಅಂದ್ರೆ ಅಪ್ಪ ಅಪ್ಪನೇ' ಅಂದ. ನಿಮಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು.

ಅಪ್ಪನ ಅಕ್ಕ ಇದ್ದಾರೆ. ನಾವು ಮಾಮಿ ಅನ್ನುವುದು. ಊರಲ್ಲೇ ಇರುತ್ತಾರೆ. ವಯಸ್ಸು ಎಂಬತ್ತು ದಾಟಿದೆ, ನೆನಪು ಗಟ್ಟಿಯಿದೆ. ನಿನ್ನೆ ಸಂಜೆ ಫೋನ್ ಮಾಡಿ, ನಮ್ಮ ಹೆಗ್ಡೆ ಮನೆಯ ಹಿರಿಯರ ಹೆಸರು ಹೇಳಿ ಅಂದೆ. ಮಾಮಿ ತನ್ನ ಅಮ್ಮನ ಹೆಸರು ಹೇಳಿದರು, ಅಮ್ಮನ ಅಮ್ಮನ ಹೆಸರು, ಅವರ ಅಮ್ಮನ ಹೆಸರು. ಒಂದೂ ತಡವರಿಸದೆ. ನಾನು ಗಂಡಸರ ಹೆಸರಿಗಾಗಿ ಕಾಯುತ್ತಿದ್ದೆ. ಕೇಳಿದರೆ 'ಅವರು ಬೇರೆ ಬೇರೆ ಮನೆಯವರಲ್ವಾ, ಅವರದ್ದು ಅವರ ಮನೆಯಲ್ಲಿ ಕೇಳಬೇಕು' ಅಂದರು. ಆಮೇಲೆ ಪ್ರತಿಯೊಬ್ಬಳ ಅಣ್ಣನ ಹೆಸರು ಹೇಳಿದರು. ಯಜಮಾನಿಕೆ ನಡೆಸಿದವರು ಅವರು. ತರವಾಡು ಮನೆಯಲ್ಲಿ, ಅಂದರೆ ಕುಟುಂಬದ ಮೂಲ ಮನೆಯಲ್ಲಿ, ದೈವಕ್ಕೆ ತಂಬಿಲದ ಸೇವೆ ಕೊಡುವಾಗ ಇವತ್ತಿಗೂ ಮುಂದೆ ನಿಲ್ಲುವುದು ಮಾಮಿಯ ಮಗನೇ ಹೊರತು ನನ್ನ ಅಣ್ಣ ಅಲ್ಲ. ಚಿಕ್ಕವರಿದ್ದಾಗ ಅಣ್ಣನಿಗೆ ಇದರಿಂದ ಬೇಜಾರಾಗುತ್ತಿತ್ತು. ನಮ್ಮ ಹೆಸರಿನ ಮನೆ, ನಮ್ಮನ್ನು ಯಾಕೆ ಹಿಂದೆ ನಿಲ್ಲಿಸುತ್ತಾರೆ ಅಂತ. ಈಗ ಅರ್ಥವಾಯಿತು. ಹೆಸರು ನಮ್ಮ ಹತ್ತಿರ ಬಂದಿದೆ, ಮನೆ ಮಾಮಿಯ ಮಕ್ಕಳದ್ದು.

ಮಾಮಿಯ ಬಾಯಲ್ಲಿ ಬಂದ ಹೆಸರುಗಳಿಗೆ ಬರವಣಿಗೆಯಲ್ಲಿ ಆಧಾರ ಸಿಗುತ್ತದಾ? ಯಾರಿಗಾದರೂ ಗೊತ್ತಿದ್ದರೆ ಹೇಳಿ.

ದಸ್ತಾವೇಜು:

ಸಿಗುತ್ತದೆ ತಂಗಿ. ನಾನು ನಿಮ್ಮ ಕಡೆಯವನೇ. ಸಬ್‌ರಿಜಿಸ್ಟ್ರಾರ್ ಆಫೀಸಿನ ಎದುರು ಕೂತು ದಸ್ತಾವೇಜು ಬರೆದೇ ಬದುಕಿದವನು.

ನೀವು ಹುಡುಕಬೇಕಾದದ್ದು ಪಾಲುಪಟ್ಟಿ, ಅಂದರೆ ವಿಭಾಗಪತ್ರ. ಮೊದಲು ಅಳಿಯಸಂತಾನ ಕುಟುಂಬದ ಆಸ್ತಿಯನ್ನು ಎಲ್ಲರೂ ಒಪ್ಪದೆ ಪಾಲು ಮಾಡುವ ಹಾಗಿರಲಿಲ್ಲ. 1949ರಲ್ಲಿ ಮದ್ರಾಸ್ ಅಳಿಯಸಂತಾನ ಕಾಯ್ದೆ ಬಂತು. ನಮ್ಮ ಜಿಲ್ಲೆ ಆಗ ಮದ್ರಾಸಿನ ಕೆಳಗೆ. ಆ ಕಾಯ್ದೆಯಿಂದ ಕವರುಗಳಿಗೆ ಪಾಲು ಕೇಳುವ ಹಕ್ಕು ಸಿಕ್ಕಿತು. ಕವರು ಅಂದರೆ ಒಬ್ಬ ಹೆಂಗಸಿನಿಂದ ಹೆಣ್ಣು ದಾರಿಯಲ್ಲಿ ಇಳಿದು ಬಂದ ಕವಲು. ಆಮೇಲೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂತು. ಆ ಕಾಲದಲ್ಲಿ ಪಾಲಾದ ಮನೆಗಳು ಬಹಳ.

ಅಂಥ ಒಂದು ಪತ್ರ ತೆಗೆದು ನೋಡಿ. ಪಕ್ಷಗಾರರು ಅಂತ ಶುರುವಾಗುತ್ತದೆ. ಮೂಲ ಹೆಂಗಸಿನ ಹೆಸರು, ಅವಳ ಹೆಣ್ಣುಮಕ್ಕಳು, ಒಬ್ಬೊಬ್ಬಳ ಕವರಿನಲ್ಲಿ ಯಾರ್ಯಾರು, ಮೈನರ್ ಮಕ್ಕಳು ಯಾರು, ಅವರ ಪರವಾಗಿ ಸಹಿ ಹಾಕಿದ ತಾಯಿ ಯಾರು. ತೊಟ್ಟಿಲ ಮಗುವಿನ ಹೆಸರೂ ಇರುತ್ತದೆ, ಯಾಕೆಂದರೆ ಅದಕ್ಕೂ ಪಾಲಿದೆ. ನಿಮ್ಮಪ್ಪ ಆಗ ಚಿಕ್ಕವರಾಗಿದ್ದರೆ ಅವರ ಹೆಸರು ಅಜ್ಜಿಯ ಹೆಸರಿನ ಕೆಳಗೆ ಇರಲೇಬೇಕು. ಶೆಟ್ಟಿ ಅಜ್ಜನ ಹೆಸರು ಆ ಪತ್ರದಲ್ಲಿ ಇರುವುದಿಲ್ಲ. ಇದ್ದರೂ ಸಾಕ್ಷಿಯಾಗಿ ಇರಬಹುದು. ಹುಡುಕುವಾಗ ಇದನ್ನು ಮರೆಯಬೇಡಿ, ಅಜ್ಜನ ಹೆಸರು ಹಿಡಿದು ಇಂಡೆಕ್ಸ್ ನೋಡಿದರೆ ಏನೂ ಸಿಗದೆ ವಾಪಸ್ ಬರುತ್ತೀರಿ. ಅಜ್ಜಿಯ ಹೆಸರು, ಇಲ್ಲವೇ ಆಗಿನ ಯಜಮಾನರಾದ ಅಜ್ಜಿಯ ಅಣ್ಣನ ಹೆಸರು ಕೊಡಿ. ಗ್ರಾಮದ ಹೆಸರು, ಅಂದಾಜು ವರ್ಷ ಬೇಕು. ನಕಲಿಗೆ ಅರ್ಜಿ ಹಾಕಿದರೆ ದೃಢೀಕೃತ ಪ್ರತಿ ಕೊಡುತ್ತಾರೆ.

ಮೊದಲು ಮಾಮಿಯ ಪೆಟ್ಟಿಗೆ ನೋಡಿ. ಇಂಥ ಪತ್ರದ ಒಂದು ಪ್ರತಿ ಪ್ರತಿ ಕವರಿನವರ ಹತ್ತಿರವೂ ಇಟ್ಟುಕೊಂಡಿರುತ್ತಾರೆ.

ಕಾರ್ಕಳದ ಮೊಮ್ಮಗಳು:

ಅಣ್ಣಾ, ತುಂಬಾ ಉಪಕಾರ ಆಯಿತು. ಮುಂದಿನ ತಿಂಗಳು ಊರಿಗೆ ಹೋಗುತ್ತೇನೆ, ಪೆಟ್ಟಿಗೆ ನೋಡುತ್ತೇನೆ.

ಜೀನ್ ಮೇಡಂ, ಕೊನೆಯ ಪ್ರಶ್ನೆ. ಅಣ್ಣ ಮಾಮಿಗೆ ಒಂದು ಕಿಟ್ ಕಳಿಸುತ್ತೇನೆ ಅನ್ನುತ್ತಿದ್ದಾನೆ. ಮಾಮಿಗೆ ದಿನವಿಡೀ ಬಾಯಲ್ಲಿ ಎಲೆಅಡಿಕೆ. ಅವರಿಗೆ ತೊಂದರೆ ಕೊಡುವುದು ಬೇಡ ಅಂತ ನನಗೆ. ಅವರ ಮಗ ದುಬೈಯಲ್ಲಿದ್ದಾರೆ. ಅವರಿಂದ ಆಗುವುದಿಲ್ಲವಾ?

ಜೀನ್ ಮೇಡಂ:

ಮೈಟೊಕಾಂಡ್ರಿಯ ಮಾತ್ರ ಬೇಕಿದ್ದರೆ ಮಗನಿಂದ ಧಾರಾಳವಾಗಿ ಆಗುತ್ತದೆ. ಮಾಮಿಯದೇ ಅವರಲ್ಲಿದೆ. ಮಾಮಿಗೆ ಮಗಳು ಇದ್ದರೆ ಅವಳು, ಅವಳ ಮಕ್ಕಳು ಎಲ್ಲರೂ ಆಗುತ್ತದೆ. ಮಗನ ಮಕ್ಕಳಿಂದ ಮಾತ್ರ ಆಗುವುದಿಲ್ಲ, ಅವರದು ಅವರ ಅಮ್ಮನದು.

ಆದರೆ ಮಾಮಿಯ ಪರೀಕ್ಷೆಗೆ ಬೇರೆಯೇ ಬೆಲೆ ಇದೆ. ಅಣ್ಣನಿಗೂ ಮಾಮಿಗೂ ಸುಮಾರು ಕಾಲು ಭಾಗ ಡಿಎನ್‌ಎ ಒಂದೇ ಇರುತ್ತದೆ. ಅಷ್ಟು ಕಂಡರೆ ಅಣ್ಣನ ಮನಸ್ಸಿನಲ್ಲಿ ಉಳಿದ ಅನುಮಾನವೂ ಹೋಗುತ್ತದೆ. ಪಟ್ಟಿಯಲ್ಲಿರುವ ರೈ, ಆಳ್ವರಲ್ಲಿ ಯಾರು ಮಾಮಿಗೂ ಹೊಂದುತ್ತಾರೋ ಅವರು ಅಪ್ಪನ ಕಡೆಯವರು ಅಂತ ಬೇರ್ಪಡಿಸಬಹುದು. ಮಾಮಿ ಒಂದು ತಲೆಮಾರು ಮೇಲಿರುವುದರಿಂದ ಅಣ್ಣನಿಗೆ ಸಿಗದ ಹೆಗ್ಡೆಗಳು ಅವರಿಗೆ ಸಿಕ್ಕರೂ ಸಿಗಬಹುದು. ಅವರಲ್ಲೂ ಶೆಟ್ಟಿ ಅಜ್ಜನ ಕಡೆಯವರು ಯಾರು, ಹೆಗ್ಡೆ ಅಜ್ಜಿಯ ಕಡೆಯವರು ಯಾರು ಅಂತ ವಿಂಗಡಿಸಲು ಅಜ್ಜಿಯ ತಂಗಿಯ ಮೊಮ್ಮಕ್ಕಳು ಯಾರಾದರೂ ಬೇಕಾಗುತ್ತಾರೆ. ಪಾಲುಪಟ್ಟಿ ಸಿಕ್ಕರೆ ಆ ತಂಗಿಯ ಕವರಿನವರ ಹೆಸರು ಅದರಲ್ಲೇ ಸಿಗಬಹುದು.

ಅಮೆರಿಕದ ಕೆಲವು ಕಂಪನಿಗಳು ಭಾರತಕ್ಕೆ ಕಿಟ್ ಕಳಿಸುವುದಿಲ್ಲ, ಅಣ್ಣ ಮೊದಲು ಅದನ್ನು ವಿಚಾರಿಸಲಿ. ವಯಸ್ಸಾದವರಿಗೆ ಬಾಯಿ ಒಣಗುತ್ತದೆ, ಎಂಜಲು ತುಂಬಿಸುವುದು ಕಷ್ಟ. ಕೆನ್ನೆಯ ಒಳಗೆ ಬ್ರಷ್ ಉಜ್ಜುವ ಕಿಟ್ ಸಿಕ್ಕರೆ ಒಳ್ಳೆಯದು. ಬೆಳಿಗ್ಗೆ ಎದ್ದು ಬಾಯಿ ಮುಕ್ಕಳಿಸಿ, ಕಾಫಿಗೂ ಎಲೆಅಡಿಕೆಗೂ ಮೊದಲೇ ಮಾಡಿಸಿಬಿಡಿ. ಅರ್ಧ ಗಂಟೆ ಬಾಯಿಗೆ ಏನೂ ಹಾಕಿರಬಾರದು. ಕಾಯಿಲೆಗಳ ವರದಿ ಬೇಡ ಅಂತ ಮೊದಲೇ ಆರಿಸಿ. ಇದು ಯಾಕೆ, ಏನು, ಯಾರ ಕೈಗೆ ಹೋಗುತ್ತದೆ ಅಂತ ಮಾಮಿಗೆ ತುಳುವಿನಲ್ಲಿ ನಿಧಾನವಾಗಿ ಹೇಳಿ. ಅವರು ಬೇಡ ಅಂದರೆ ಒತ್ತಾಯ ಮಾಡಬೇಡಿ, ದುಬೈಯ ಭಾವನ ಹತ್ತಿರ ಮಾಡಿಸಿ. ಹೇಗೂ ಊರಿಗೆ ಹೋಗುತ್ತೀರಲ್ಲ, ಮಾಮಿ ಹೇಳುವ ಹೆಸರುಗಳನ್ನು ಅವರ ದನಿಯಲ್ಲೇ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಅದನ್ನು ಮಾತ್ರ ಮುಂದಕ್ಕೆ ಹಾಕಬೇಡಿ.